ಎರಡು ಸುತ್ತು ಕೀಮೋ ನಂತರದ ಪೆಟ್ ಸ್ಕ್ಯಾನ್: ಡೋವಿಲ್ ಅಂಕ 3 ಎಂದರೇನು?

ಪ್ರಶ್ನೆ: ಹಾಡ್ಜ್‌ಕಿನ್ ಲಿಂಫೋಮಾಕ್ಕೆ (ದುಗ್ಧರಸ ಗ್ರಂಥಿಗಳ ಒಂದು ಕ್ಯಾನ್ಸರ್) ಎರಡು ಸುತ್ತು ಕೀಮೋ ಪಡೆದ ನನ್ನ ತಮ್ಮನ ಪೆಟ್-ಸಿಟಿ ವರದಿಯಲ್ಲಿ ಕುತ್ತಿಗೆಯ ಗಂಟು ಇನ್ನೂ 1.8 ಸೆಂ.ಮೀ. ಇದೆಯೆಂದೂ ಡೋವಿಲ್ ಅಂಕ 3 ಎಂದೂ ಬರೆದಿದ್ದಾರೆ. ಔಷಧ ನಾಟಿಲ್ಲವೆಂದು ತಿಳಿಯಬೇಕೆ?

ಉತ್ತರ 1: ಹಾಗೇನಿಲ್ಲ. ಗಂಟು ಕರಗುವುದು ನಿಧಾನ. ಕ್ಯಾನ್ಸರ್ ಕೋಶಗಳು ಸಕ್ಕರೆ ಹೀರುವುದು ಅದಕ್ಕಿಂತ ಬಹಳ ಮೊದಲೇ ತಗ್ಗುತ್ತದೆ. ಸ್ಕ್ಯಾನಿಗೆಂದು ಚುಚ್ಚಿದ ಎಫ್‌ಡಿಜಿ (ವಿಕಿರಣ ಸೂಸುವ, ಸಕ್ಕರೆಯಂಥ ವಸ್ತು) ಗಂಟಿನಲ್ಲಿ ಎಷ್ಟು ಹೊಳೆಯುತ್ತದೆ ಎಂಬುದನ್ನು ಎದೆಯ ನಡುಭಾಗದ ದೊಡ್ಡ ರಕ್ತನಾಳ ಹಾಗೂ ಯಕೃತ್ತಿನ ಹೊಳಪಿನೊಂದಿಗೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 3 ಎಂದರೆ ರಕ್ತನಾಳಕ್ಕಿಂತ ಹೆಚ್ಚು, ಆದರೆ ಯಕೃತ್ತನ್ನು ಮೀರಿಲ್ಲ. ಸಾಮಾನ್ಯವಾಗಿ ಅದನ್ನು ಒಳ್ಳೆಯ ಪ್ರತಿಕ್ರಿಯೆಯೆಂದೇ ಎಣಿಸುತ್ತಾರೆ.

ಉತ್ತರ 2: ಸೋಂಕು, ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಜಿಸಿಎಸ್‌ಎಫ್ ಚುಚ್ಚುಮದ್ದು ಇವೂ ಹೊಳಪು ತರುತ್ತವೆ. ನನ್ನ ಬೆನ್ನುಮೂಳೆ ಪೂರಾ ಹೊಳೆದಾಗ (ಆ ರಾತ್ರಿ ನಿದ್ದೆಯಿಲ್ಲ) ಕಾರಣ ಆ ಚುಚ್ಚುಮದ್ದೇ ಆಗಿತ್ತು.

ಪ್ರಶ್ನೆ ಕೇಳಿದವರು: ಸ್ಕ್ಯಾನಿಗೆ ಆರು ದಿನ ಮೊದಲು ತಮ್ಮನಿಗೂ ಅದನ್ನೇ ಕೊಟ್ಟಿದ್ದರು. ವೈದ್ಯರಲ್ಲಿ ವಿಚಾರಿಸುತ್ತೇನೆ.