ಡಬಲ್ ಕ್ಯಾಬ್ ಪಿಕಪ್: ತೋಟಕ್ಕೂ ಪೇಟೆಗೂ ಒಂದೇ ಗಾಡಿ ಸಾಕಾ?

ಪ್ರಶ್ನೆ: ಮೂಡಿಗೆರೆ ಕಡೆ ಕಾಫಿ ತೋಟ. ಗೊಬ್ಬರ, ಡೀಸೆಲ್, ಕಾಫಿ ಚೀಲ ಸಾಗಿಸ್ಬೇಕು, ಆಗಾಗ ಮನೆಯವರೆಲ್ಲ ಬೆಂಗಳೂರಿಗೂ ಹೋಗ್ಬೇಕು. ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್, ಮಹೀಂದ್ರ ಬೊಲೆರೊ ಕ್ಯಾಂಪರ್, ಎರಡು ಸಾಲು ಸೀಟು, ಹಿಂದೆ ತೆರೆದ ಬಾಡಿ ಇರೋ ಈ ಮೂರು ಪಿಕಪ್‌ಗಳಲ್ಲಿ ಯಾವುದು ತಗೊಳ್ಲಿ?

ಉತ್ತರ 1
ಮೊದಲು ತೂಕದ ಲೆಕ್ಕ ಹಾಕಿ. ಹಿಂಬದಿ ಬಾಡಿ ದೊಡ್ಡದಾಗಿ ಕಂಡ ಮಾತ್ರಕ್ಕೆ ಒಂದು ಟನ್ ಹೊರುತ್ತೆ ಅಂದ್ಕೋಬೇಡಿ. ಗಾಡಿಯ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಐದು ಜನ ಕೂತರೆ ಅವರದೇ ಸುಮಾರು 350 ಕೆ.ಜಿ. ಹೋಯ್ತು. ಯೂರಿಯಾ ಚೀಲ 45 ಕೆ.ಜಿ., ಹತ್ತು ಚೀಲಕ್ಕೆ 450. ತುಂಬಿದ 200 ಲೀಟರ್ ಡೀಸೆಲ್ ಡ್ರಮ್ಮು ಸುಮಾರು 185. ಹೈಲಕ್ಸ್, ವಿ-ಕ್ರಾಸ್‌ನಂಥ ಬಿಳಿ ಬೋರ್ಡಿನ ಶೋಕಿ ಪಿಕಪ್‌ಗಳು ಸೋಲೋದು ಇಲ್ಲೇ. ದಿನಾ ಗೊಬ್ಬರ ಹೊರುವ ಕೆಲಸ ಇದ್ದರೆ ಸುಮಾರು ಒಂದು ಟನ್ ಹೊರುವ ಕ್ಯಾಂಪರೇ ಸರಿ. ಅದರ 2.5 ಲೀಟರ್ ಎಂಜಿನ್‌ನಲ್ಲಿ ಹೆದ್ದಾರಿ ಓಟ ನಿರೀಕ್ಷಿಸಬೇಡಿ.

ಹೈಲಕ್ಸ್, ವಿ-ಕ್ರಾಸ್ ಎರಡರ ಬಾಡಿ ಉದ್ದ ಹೆಚ್ಚುಕಡಿಮೆ 5 ಅಡಿ. 20 ಅಡಿ ಸ್ಪ್ರಿಂಕ್ಲರ್ ಪೈಪಿಗೆ ಆಸೆ ಬಿಡಿ.

ಉತ್ತರ 2
ಹೊರೆ ಕಡಿಮೆ, ಓಡಾಟ ಜಾಸ್ತಿ ಅಂದ್ರೆ ಮಾತ್ರ ಹೈಲಕ್ಸ್, ವಿ-ಕ್ರಾಸ್ ನೋಡಿ. ಬಿಡದಿಯಲ್ಲಿ ಜೋಡಣೆಯಾಗುವ ಹೈಲಕ್ಸ್‌ಗೆ 2.8 ಲೀಟರ್ ಎಂಜಿನ್, 204 ಪಿಎಸ್ ಶಕ್ತಿ. ಮ್ಯಾನ್ಯುವಲ್‌ನಲ್ಲಿ 420, ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ ಟಾರ್ಕ್ (ಎಳೆಯುವ ಬಲ). ಎಂಜಿನ್ ಫಾರ್ಚ್ಯೂನರ್‌ದೇ, ಹಾಗಾಗಿ ಪಾರ್ಟ್ಸ್‌ಗೆ ಪರದಾಟ ಕಡಿಮೆ. ವಿ-ಕ್ರಾಸ್ 1.9 ಲೀಟರ್, 163 ಪಿಎಸ್, 360 ಎನ್‌ಎಂ, ಬೆಲೆಯೂ ಕೆಳಗೆ.

ಇವುಗಳ 4x4 (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಪಾರ್ಟ್-ಟೈಮ್, ಅಂದ್ರೆ ಬೇಕಾದಾಗ ಮಾತ್ರ ಹಾಕೋದು. ಒಣ ಡಾಂಬರಿನಲ್ಲಿ 4ಎಚ್ (ನಾಲ್ಕೂ ಚಕ್ರ, ಮಾಮೂಲಿ ವೇಗ) ಹಾಕಿಕೊಂಡು ತಿರುವಿನಲ್ಲಿ ಓಡಿಸಬೇಡಿ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ, ತಿರುವಿನಲ್ಲಿ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಶಿಯಲ್ ಇಲ್ಲ. ಗಾಡಿ ಬಿಗಿದು ಎಳೆಯುತ್ತೆ, ಟೈರು ಮತ್ತು ಟ್ರಾನ್ಸ್‌ಫರ್ ಕೇಸ್ (ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಸವೆಯುತ್ತೆ. 4ಎಲ್‌ಗೆ (ನಾಲ್ಕೂ ಚಕ್ರ, ನಿಧಾನ ವೇಗ, ಹೆಚ್ಚು ಎಳೆತ) ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಹಾಕಿ. ಮಳೆಗಾಲದ ತೋಟದ ಇಳಿಜಾರಿನಲ್ಲಿ 4ಎಲ್ ಒಂದನೇ ಗೇರು, ಬ್ರೇಕಿನ ಮೇಲೆ ಕಾಲಿಡದೆ ಎಂಜಿನ್‌ ಹಿಡಿತದಲ್ಲೇ ಇಳೀರಿ.

ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬಗ್ಗೆ ಶೋರೂಮಿನವರು ಬಾಯಿ ಬಿಡಲ್ಲ. ಬರೀ ತೋಟದೊಳಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದ್ರೆ ಮಸಿ ಸುಡುವಷ್ಟು ಶಾಖವೇ ಬರಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ 60ರ ಮೇಲೆ ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಿ. ಮಸಿ ಸುಡುವ ಹೊತ್ತಿಗೆ ಪದೇಪದೇ ಎಂಜಿನ್ ಆಫ್ ಮಾಡಿದ್ರೆ ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಆಯಿಲಿಗಿಳಿದು ಡಿಪ್‌ಸ್ಟಿಕ್ ಮಟ್ಟ ಏರುತ್ತೆ. ಆಗ ಆಯಿಲ್ ಬದಲಾಯಿಸಲೇಬೇಕು.

ಉತ್ತರ 3
ಬೋರ್ಡಿನ ಬಣ್ಣ ಮರೀಬೇಡಿ. ಹಳದಿ ಅಂದ್ರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಪ್ರಮಾಣಪತ್ರ), ಆಮೇಲೆ ವರ್ಷವೂ; ಜೊತೆಗೆ 80 ಕಿ.ಮೀ. ವೇಗದ ಕಟ್ಟು. ಬಿಳಿ ಬೋರ್ಡಲ್ಲಿ ಬಾಡಿಗೆಗೆ ಬೇರೆಯವರ ಮಾಲು ಹಾಕಂಗಿಲ್ಲ. ಲೈಸೆನ್ಸ್ ಚಿಂತೆ ಬೇಡ: 7,500 ಕೆ.ಜಿ.ಗಿಂತ ಕಡಿಮೆಯ ಸಾಗಣೆ ವಾಹನಕ್ಕೂ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಹೇಳಿದೆ. ಹಿಂದುಗಡೆ ಬಾಡಿಯಲ್ಲಿ ಕೆಲಸದಾಳುಗಳನ್ನ ಕೂರಿಸಬೇಡಿ. ಅಪಘಾತವಾದ್ರೆ ವಿಮೆ ಕಂಪನಿ ಕೈ ಎತ್ತುತ್ತೆ.

ಉತ್ತರ 4
ಬೆಂಗಳೂರು ಅಂದಿದ್ದಕ್ಕೆ: ಹೈಲಕ್ಸ್ 5,325 ಮಿ.ಮೀ. ಉದ್ದ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಟೇಪ್ ಹಿಡಿದು ಅಳೆದೇ ಬುಕ್ ಮಾಡಿ.

ಖಾಲಿ ಗಾಡಿ ಲೀಫ್ ಸ್ಪ್ರಿಂಗ್ ಮೇಲೆ ಹಿಂದೆ ಕುಣಿಯುತ್ತೆ, ಮಳೆಯಲ್ಲಿ ಬಾಲ ಜಾರುತ್ತೆ. ನೂರು ಕೆ.ಜಿ. ಮರಳು ಚೀಲ ಕ್ಯಾಬಿನ್ ಗೋಡೆಗೆ ಒತ್ತಿ ಕಟ್ಟಿದ್ರೆ ಗಾಡಿ ಕೂರುತ್ತೆ. ಟೈರಿನ ಗಾಳಿ ಖಾಲಿಗೊಂದು, ಲೋಡಿಗೊಂದು. ಚಾಲಕನ ಬಾಗಿಲ ಕಂಬದ ಸ್ಟಿಕ್ಕರ್ ನೋಡಿ. ಒಣಗಿದ ಕಾಫಿ ಸಾಗಿಸೋದಾದ್ರೆ ಗಟ್ಟಿ ಮುಚ್ಚಳವನ್ನೂ ನಂಬಬೇಡಿ, ಟೈಲ್‌ಗೇಟ್ ಸಂದಿಯಲ್ಲಿ ನೀರು ನುಗ್ಗುತ್ತೆ. ಮುಚ್ಚಳದ ತೂಕ ಕೂಡ ಹೊರೆಯಲ್ಲೇ ಲೆಕ್ಕ. ಟೆಸ್ಟ್ ಡ್ರೈವ್‌ಗೆ ಅಪ್ಪ-ಅಮ್ಮನ್ನ ಹಿಂದಿನ ಸೀಟಲ್ಲೇ ಕೂರಿಸಿ, ಅದೂ ಹಂಪ್ ಇರೋ ರಸ್ತೇಲಿ.