ದೇವಾಲಯದ ಮಾಡು ಕುಸಿದಿದೆ, ಆರಾಧನೆ ಹೇಗೆ ಮುಂದುವರಿಸೋಣ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಬಂಗಾರಪೇಟೆ ಕಡೆಯಿಂದ

ಎಲ್ಲರಿಗೂ ವಂದನೆ. ಹಿಂಗಾರು ಮಳೆ ಬಿಡದೆ ಸುರಿದು ನಮ್ಮ ಹಳೇ ದೇವಾಲಯದ (ಚರ್ಚಿನ) ಹೆಂಚಿನ ಮಾಡು ಒಂದು ಬದಿ ಕುಸಿದಿದೆ. ಆಲ್ಟರ್ ಹಿಂದಿನ ಗೋಡೆಯೂ ಬಿರುಕು ಬಿಟ್ಟಿದೆ. ಯಾರಿಗೂ ಏಟಾಗಲಿಲ್ಲ, ದೇವರಿಗೆ ಸ್ತೋತ್ರ. ರಿಪೇರಿ ಆಗುವವರೆಗೆ ಒಳಗೆ ಯಾರೂ ಕೂರಬಾರದು ಅಂತ ಎಂಜಿನಿಯರ್ ಹೇಳಿದ್ದಾರೆ. ಕ್ರಿಸ್‌ಮಸ್ ಹತ್ತಿರ ಬರುತ್ತಿದೆ. ಕೆಲವರು ಆಗಲೇ ಬೇರೆ ಸಭೆಗೆ, ಅಂದರೆ ಬೇರೆ ಚರ್ಚಿಗೆ, ಹೋಗುವ ಮಾತಾಡುತ್ತಿದ್ದಾರೆ. ಇಂಥ ಕಾಲ ದಾಟಿ ಬಂದವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ

ವಂದನೆ ಅಣ್ಣಾ. ಈ ಭಾನುವಾರವೇ ಎಲ್ಲಾದರೂ ಸೇರಿ. ಒಳ್ಳೇ ಜಾಗ ಸಿಗಲಿ ಅಂತ ಕಾಯಬೇಡಿ. ನಮ್ಮಲ್ಲಿ ತೊಲೆಗಳನ್ನು ಗೆದ್ದಲು ತಿಂದು ದೇವಾಲಯ ಮುಚ್ಚಬೇಕಾಗಿ ಬಂತು. ಪಕ್ಕದ ಶಾಲೆಯ ಹಾಲ್ ಕೇಳಿಕೊಂಡೆವು. ಜಾಗ ಬದಲಾಯಿತು, ಹೊತ್ತು ಬದಲಾಯಿಸಲಿಲ್ಲ. ಎಂಟೂವರೆ ಅಂದರೆ ಎಂಟೂವರೆ. ವಯಸ್ಸಾದವರು ವಾಟ್ಸಾಪ್ ನೋಡುವುದಿಲ್ಲ, ಅಭ್ಯಾಸದಲ್ಲಿ ಹಳೇ ಗೇಟಿಗೇ ಬರುತ್ತಾರೆ. ಅಲ್ಲಿ ಯೌವನಸ್ಥರ ಕೂಟದ ಹುಡುಗರು ನಿಂತು, ಕೈ ಹಿಡಿದು ಕರೆದುಕೊಂಡು ಬರುತ್ತಿದ್ದರು. ಬೋರ್ಡ್ ಹಾಕಿದರೆ ಸಾಲದು, ಜನ ನಿಲ್ಲಬೇಕು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಭಾನುವಾರದ ಆರಾಧನೆ ಹೇಗೋ ನಡೆದುಹೋಗುತ್ತದೆ. ಸದ್ದಿಲ್ಲದೆ ನಿಂತುಹೋಗುವುದು ಸಣ್ಣ ಸಣ್ಣ ಸೇವೆಗಳು. ಸಂಡೇ ಸ್ಕೂಲ್, ಸ್ತ್ರೀಯರ ಕೂಟ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು. ಯಾಕೆಂದರೆ ಎಲ್ಲರ ಸಂಜೆಯೂ ಕಟ್ಟಡದ ಮೀಟಿಂಗ್‌ಗೇ ಹೋಗುತ್ತದೆ. ಅದಕ್ಕೇ ಕಟ್ಟಡ ನೋಡಿಕೊಳ್ಳುವವರು ಬೇರೆ, ಸಭೆ ನೋಡಿಕೊಳ್ಳುವವರು ಬೇರೆ ಅಂತ ಮೊದಲೇ ಹಂಚಿಕೊಳ್ಳಿ. ಅಯ್ಯನವರನ್ನು (ಪಾಸ್ಟರನ್ನು) ಸಿಮೆಂಟು, ಮರಳಿನ ಲೆಕ್ಕಕ್ಕೆ ಓಡಾಡಿಸಬೇಡಿ. ಅವರು ಮನೆ ಮನೆಗೆ ಹೋಗಲೇಬೇಕಾದ ಕಾಲ ಇದು.

ನಮ್ಮ ಸ್ತ್ರೀಯರ ಕೂಟ ವಾರಕ್ಕೊಂದು ಮನೆಯಲ್ಲಿ ಸೇರಲು ಶುರುವಾಯಿತು. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಮನೆಗೂ ಹೋದರು. ಅಜ್ಜಿ ದಿಂಬಿಗೆ ಒರಗಿಕೊಂಡು, ಪುಸ್ತಕ ಇಲ್ಲದೆ, ಪ್ರತಿ ಹಾಡಿನ ಎಲ್ಲಾ ಚರಣ ಹಾಡಿದರಂತೆ. ದೇವಾಲಯದ ಕಡೆ ತಲೆ ಹಾಕದ ಅವರ ಸೊಸೆ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಮುಂದೆ ಅದೇ ಮನೆಗೆ ಹೋದಾಗ ಚಾಪೆ ಹಾಸಿ, ಕಾಫಿಗೆ ನೀರಿಟ್ಟು ಕಾಯುತ್ತಿದ್ದಳು. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯದಲ್ಲಿ ಪೌಲ ಒಂದು ಮನೆಯಲ್ಲಿ ಸೇರುವ ಸಭೆಗೆ ವಂದನೆ ಹೇಳುತ್ತಾನೆ ಅಲ್ವಾ, ಅದು ಆಗ ನಮಗೆ ಚೆನ್ನಾಗಿ ಅರ್ಥವಾಯಿತು. ರಿಪೇರಿ ಮುಗಿದ ಮೇಲೂ ನಾವು ಮನೆಕೂಟ ಬಿಡಲಿಲ್ಲ.

ಚಿಕ್ಕಬಳ್ಳಾಪುರದಿಂದ

ಅಣ್ಣಾ, ರಿಜಿಸ್ಟರ್‌ಗಳನ್ನು ಈಚೆ ತಂದಿರಾ? ದೀಕ್ಷಾಸ್ನಾನ, ಮದುವೆ, ಸಮಾಧಿ, ಮೂರೂ. ಮುಂದೆ ಯಾರದೋ ಮೊಮ್ಮಕ್ಕಳು ಸರ್ಟಿಫಿಕೇಟ್ ಕೇಳಿಕೊಂಡು ಬರುತ್ತಾರೆ. ನೆನೆದಿದ್ದರೆ ಬಿಸಿಲಿಗೆ ಹಾಕಬೇಡಿ, ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ನೆರಳಲ್ಲಿ ಫ್ಯಾನ್ ಹಾಕಿ, ಬಿಡಿಸಲು ಬರುವ ಹಾಳೆಗಳ ನಡುವೆ ಶಾಯಿ ಹೀರುವ ಕಾಗದ ಇಟ್ಟು, ಅದು ಒದ್ದೆಯಾದ ಹಾಗೆ ಬದಲಾಯಿಸುತ್ತಿರಿ. ಎರಡು ದಿನದೊಳಗೆ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ. ಒಳಗೇ ಉಳಿದಿದ್ದರೆ ನೀವೇ ನುಗ್ಗಬೇಡಿ, ಎಂಜಿನಿಯರ್ ಹೇಳಿದ ಮೇಲೆ ತೆಗೆಯಿರಿ.

ಇನ್ಶೂರೆನ್ಸ್ ಇದ್ದರೆ ಮಣ್ಣು, ಹೆಂಚು ಎತ್ತುವ ಮೊದಲೇ ಫೋಟೋ ತೆಗೆದು ಕಂಪನಿಗೆ ತಿಳಿಸಿ.

ಗೋಡೆ ಹಳೇ ಸುಣ್ಣದ ಗಾರೆಯದ್ದಾ? ಹಾಗಿದ್ದರೆ ಬಿರುಕಿನ ಮೇಲೆ ಸುಮ್ನೆ ಸಿಮೆಂಟ್ ಬಳಿಸಬೇಡಿ. ಗಾರೆ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ, ಗೋಡೆ ಇನ್ನೂ ಬೇಗ ಹಾಳಾಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಲು ಎಂಜಿನಿಯರ್‌ಗೆ ಹೇಳಿ. ಬೆಳೆಯುತ್ತಿದೆಯೋ ನಿಂತಿದೆಯೋ ಆಮೇಲೆ ಗೊತ್ತಾಗುತ್ತದೆ.

ಕೆಜಿಎಫ್‌ನಿಂದ

ನಮ್ಮ ಕಷ್ಟ ಬೇರೆ ಥರದ್ದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿನ ಜನ ಬೆಳಗಾಗುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿಯುತ್ತಾರೆ. ವಾರದ ದಿನ ಕೂಟ ಇಟ್ಟರೆ ಯಾರು ಬರುತ್ತಾರೆ? ದೇವಾಲಯ ಸೋರಿ ಕೂರಲಾಗದಾಗ ಹತ್ತಿರದ ತಮಿಳು ಸಭೆಯವರನ್ನು ಕೇಳಿದೆವು. ತಮ್ಮ ಆರಾಧನೆ ಮುಗಿದ ಮೇಲೆ ನಮಗೆ ಬಿಟ್ಟುಕೊಟ್ಟರು. ಆ ವರ್ಷ ಕ್ಯಾರಲ್ ಕೂಡ ಒಟ್ಟಿಗೇ ಹೋದೆವು, ಒಂದು ಮನೆಯಲ್ಲಿ ತಮಿಳು, ಮುಂದಿನ ಮನೆಯಲ್ಲಿ ಕನ್ನಡ. ನಿಮ್ಮ ಪಕ್ಕದ ಸಭೆಯನ್ನು ಜನ ಕಿತ್ತುಕೊಳ್ಳುವವರು ಅಂತ ನೋಡಬೇಡಿ. ಜಾಗ ಕೇಳಿ, ಕೊಡುತ್ತಾರೆ. ಕರೆಂಟ್ ಬಿಲ್ಲಿಗೆ ನಿಮ್ಮ ಪಾಲು ತಪ್ಪದೆ ಕೊಡಿ.

ಶಾಮಿಯಾನ ಹಾಕಿ ಮೈಕ್ ಇಡುವುದಾದರೆ ಪೊಲೀಸ್ ಠಾಣೆಯಿಂದ ಅನುಮತಿ ತೆಗೆದುಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವಂತಿಲ್ಲ. ಅಕ್ಕಪಕ್ಕದ ಮನೆಯವರಿಗೂ ಮೊದಲೇ ಒಂದು ಮಾತು ಹೇಳಿ.

ಹಣದ ವಿಷಯದಲ್ಲಿ ತುಂಬಾ ಹುಷಾರು. ಭಾರತದ ಪೌರರಾಗಿಯೇ ಇದ್ದು ಹೊರದೇಶದಲ್ಲಿ ದುಡಿಯುವ ನಮ್ಮ ಮಕ್ಕಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕಳಿಸಿದರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿ, ಆಗುತ್ತದೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪ್ರೀತಿಯಿಂದ ಕಳಿಸುತ್ತಾರೆ, ನಿಜ. ಆದರೂ ಬಿಷಪ್ಪರ ಡಯಾಸಿಸ್ ಆಫೀಸಿನಲ್ಲಿ ಕೇಳದೆ ಯಾರ ಸ್ವಂತ ಖಾತೆಗೂ ಹಾಕಿಸಿಕೊಳ್ಳಬೇಡಿ.

ಬಂಗಾರಪೇಟೆ ಕಡೆಯಿಂದ, ಮತ್ತೆ

ತುಂಬಾ ಉಪಕಾರ ಆಯಿತು. ರಿಜಿಸ್ಟರ್‌ಗಳು ಅಯ್ಯನವರ ಮನೆಯಲ್ಲಿ ಕ್ಷೇಮವಾಗಿವೆ. ಭಾನುವಾರಕ್ಕೆ ಒಬ್ಬ ಹಿರಿಯರು ತಮ್ಮ ಮನೆ ಅಂಗಳ ಕೊಟ್ಟಿದ್ದಾರೆ, ಸಂಡೇ ಸ್ಕೂಲ್ ಟೀಚರ್‌ಗಳು ಮಕ್ಕಳ ಮನೆಗಳಿಗೆ ಹೇಳಲು ಹೊರಟಿದ್ದಾರೆ. ಗಾರೆ ಕೆಲಸ ಬಲ್ಲ ಹಳೇ ಮೇಸ್ತ್ರಿಗಳು ಕೋಲಾರದ ಕಡೆ ಇದ್ದರೆ ಅಯ್ಯನವರ ಮೂಲಕ ತಿಳಿಸಿ. ಅವರು ನೋಡಿದ ಮೇಲೇ ಗೋಡೆಗೆ ಕೈ ಹಾಕುತ್ತೇವೆ.