ಪದಚರ್ಚೆ: ಯಕೃತ್ತಿನ ಕಸಿಯಾದ ಮಕ್ಕಳ ಸ್ಕ್ಯಾನಿಂಗ್ ಕರಪತ್ರ – ‘ನಾಳದ ಅಡಚಣೆ’ ಸಾಲದು

ಮಾನ್ಯರೇ,

ಲಿವರ್ ಕಸಿಯಾದ ಮಕ್ಕಳ ತಾಯಿತಂದೆಯರಿಗಾಗಿ ಬರೆದ ಕರಪತ್ರದ ಕರಡನ್ನು ಬಳಗಕ್ಕೆ ಕಳುಹಿಸಿ, ಅದರ ಪದಗಳ ಬಗ್ಗೆ ಕೇಳಿದ್ದೀರಿ; ಅದು ನಾಳೆಯೇ ಅಚ್ಚಿಗೆ ಹೋಗಬೇಕು ಎಂದಿದ್ದೀರಿ. ಆದ್ದರಿಂದ ಮೊದಲು ಪದಗಳು.

‘ಇಮೇಜಿಂಗ್’ಗೆ ‘ಸ್ಕ್ಯಾನಿಂಗ್’ ಎಂದೇ ಬರೆಯಿರಿ. ಬಳಗದಲ್ಲಿ ಯಾರೋ ಸೂಚಿಸಿದ ‘ಬಿಂಬಗ್ರಹಣ’ ಖಂಡಿತ ಬೇಡ. ಹಾವೇರಿಯಿಂದ ಮಗುವನ್ನು ಎತ್ತಿಕೊಂಡು ಹುಬ್ಬಳ್ಳಿಗೆ ಬಂದ ತಾಯಿ ಆ ಹೆಸರು ಹೇಳಿ ದಾರಿ ಕೇಳಿದರೆ ಆಸ್ಪತ್ರೆಯ ಕಾವಲುಗಾರನಿಗೂ ತಿಳಿಯುವುದಿಲ್ಲ. ‘ಕಾಂಪ್ಲಿಕೇಶನ್’ಗೆ ‘ತೊಡಕು’ ಸರಿಯಾಗಿದೆ. ‘ಯಕೃತ್ತು’ ಮೊದಲ ಸಲ ಬಂದಾಗ ಪಕ್ಕದಲ್ಲೇ ‘ಲಿವರ್’ ಎಂದೂ ಇರಲಿ. ಕಾಮಾಲೆಯ ಜೊತೆಗೆ ‘ಕಾಮಣಿ’ಯನ್ನೂ ಸೇರಿಸಿ, ನಮ್ಮ ಕಡೆ ಹೆಚ್ಚು ಜನ ಹೇಳುವುದು ಅದನ್ನೇ.

ನನ್ನ ತಕರಾರು ಇರುವುದು ‘ನಾಳದ ಅಡಚಣೆ’ಯ ಮೇಲೆ. ಕರಡಿನಲ್ಲಿ ಮೂರು ಬೇರೆ ಬೇರೆ ತೊಡಕುಗಳಿಗೂ ಇದೊಂದೇ ಹೆಸರು ಬಂದಿದೆ. ಇದು ಶೈಲಿಯ ಪ್ರಶ್ನೆಯಲ್ಲ, ಮಗುವಿನ ಪ್ರಾಣದ ಪ್ರಶ್ನೆ.

ಯಕೃತ್ತಿನ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲಕ್ಕಿಂತ ಅಪಾಯಕಾರಿ. ಮಕ್ಕಳಲ್ಲಿ ಆ ನಾಳ ಕೆಲವೇ ಮಿಲಿಮೀಟರ್ ಅಗಲವಿರುವುದರಿಂದ ದೊಡ್ಡವರಿಗಿಂತ ಅವರಲ್ಲಿ ಇದು ಹೆಚ್ಚು. ಕಸಿಯಾದ ಯಕೃತ್ತಿನ ಪಿತ್ತನಾಳಗಳು ಬದುಕುವುದು ಈ ಅಪಧಮನಿಯ ರಕ್ತದಿಂದಲೇ. ಅದು ನಿಂತರೆ ಅವು ಕೊಳೆಯತೊಡಗುತ್ತವೆ. ಮೊದಲ ದಿನಗಳಲ್ಲಿ ವೈದ್ಯರು ಮತ್ತೆ ಮತ್ತೆ ಡಾಪ್ಲರ್ (ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್) ಮಾಡುವುದು ಇದಕ್ಕಾಗಿಯೇ. ಇಲ್ಲಿ ‘ಹೆಪ್ಪುಗಟ್ಟುವುದು’ ಎಂಬುದೇ ಬೇಕು. ಹಾಲಿಗೆ ಹೆಪ್ಪು ಹಾಕುವ ಪ್ರತಿ ಮನೆಗೂ ಅದು ಅರ್ಥವಾಗುತ್ತದೆ.

ಎರಡನೆಯದು ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಅಭಿಧಮನಿ ಕಿರಿದಾಗುವುದು. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ ಇದು ಕಾಣಿಸಿಕೊಳ್ಳಬಹುದು, ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ. ಎಷ್ಟೋ ಸಲ ನಾಳದೊಳಗೆ ಬಲೂನು ಹಾಯಿಸಿ ಹಿಗ್ಗಿಸುತ್ತಾರೆ. ಇದಕ್ಕೆ ‘ಕಿರಿದಾಗುವುದು’ ಸಾಕು, ‘ಸಂಕುಚನ’ ಬೇಡ.

ಮೂರನೆಯದಕ್ಕೂ ರಕ್ತನಾಳಕ್ಕೂ ಸಂಬಂಧವೇ ಇಲ್ಲದಂತೆ ಓದುಗರಿಗೆ ಕಾಣಬೇಕು: ಕಿರಿದಾಗುವುದು ಪಿತ್ತನಾಳ. ಕಾಮಣಿ, ತುರಿಕೆ, ಜ್ವರ ಬರಬಹುದು. ಅಲ್ಟ್ರಾಸೌಂಡ್‌ನಲ್ಲಿ ಯಕೃತ್ತಿನೊಳಗಿನ ಪಿತ್ತನಾಳಗಳು ಹಿಗ್ಗಿರುವುದು ಕಂಡರೆ ಮುಂದೆ ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್) ಮಾಡಿಸುತ್ತಾರೆ. ಅದರಲ್ಲಿ ಎಕ್ಸ್-ರೇ ವಿಕಿರಣವಿಲ್ಲ. ಆದರೆ ಅಲುಗಾಡದೆ ಮಲಗಬೇಕಾದ್ದರಿಂದ ಚಿಕ್ಕ ಮಕ್ಕಳಿಗೆ ಮಂಪರಿನ ಔಷಧ ಬೇಕಾಗಬಹುದು ಎಂಬ ಸಾಲನ್ನು ದಯವಿಟ್ಟು ಸೇರಿಸಿ. ಒಂಟಿಯಾಗಿ ‘ನಾಳ’ ಎಂದು ಎಲ್ಲಿಯೂ ಬಿಡಬೇಡಿ; ‘ರಕ್ತನಾಳ’ ಅಥವಾ ‘ಪಿತ್ತನಾಳ’ ಎಂದು ಪೂರ್ತಿ ಬರೆಯಿರಿ.

‘ಕಸಿ ತೋಟಗಾರಿಕೆಯ ಪದ, ಪ್ರತ್ಯಾರೋಪಣ ಎನ್ನಿ’ ಎಂದ ಹಿರಿಯರಿಗೆ: ಒಪ್ಪುವುದಿಲ್ಲ. ಧಾರವಾಡದ ಆಪೂಸು ಮಾವಿನ ಸಸಿಯನ್ನು ನೆಟ್ಟವರಿಗೆಲ್ಲ ಕಸಿ ಎಂದರೇನು ಎಂದು ಗೊತ್ತು: ಒಂದರ ಜೀವಂತ ಭಾಗ ಇನ್ನೊಂದಕ್ಕೆ ಕೂಡಿ ಬದುಕುವುದು. ತಂದೆಯ ಅಥವಾ ತಾಯಿಯ ಯಕೃತ್ತಿನ ಎಡಭಾಗದ ತುಂಡು ಮಗುವಿನ ದೇಹದಲ್ಲಿ ಮಾಡುವುದೂ ಅದನ್ನೇ. ಇಂಗ್ಲಿಷ್ ಬೇಡವೆಂದು ಹಿಂದಿಯ ಸರ್ಕಾರಿ ಪದವನ್ನು ಹೊತ್ತು ತರುವುದು ಕನ್ನಡದ ಕೆಲಸವಲ್ಲ. ‘ಇಮೇಜಿಂಗ್’ಗೆ ‘ತಿಟ್ಟಪಡೆತ’ ಎಂದು ಹೊಸದಾಗಿ ಕಟ್ಟಿದವರಿಗೂ ಒಂದು ಮಾತು. ಪದ ಕಟ್ಟಿ, ಬೇಡವೆನ್ನುವುದಿಲ್ಲ, ಆದರೆ ಭಯದಲ್ಲಿರುವ ತಾಯಿತಂದೆಯರ ಮೇಲೆ ಅದನ್ನು ಪರೀಕ್ಷಿಸಬೇಡಿ.

‘ಡಾಪ್ಲರ್’ಗೆ ಕನ್ನಡ ಪದ ಹುಡುಕುವುದನ್ನು ನಿಲ್ಲಿಸಿ. ಅದು 1842ರಲ್ಲಿ ಆ ತತ್ವವನ್ನು ಮಂಡಿಸಿದ ಆಸ್ಟ್ರಿಯದ ವಿಜ್ಞಾನಿಯ ಹೆಸರು.

ಶೀರ್ಷಿಕೆಗೆ ನನ್ನ ಸಲಹೆ: ‘ಲಿವರ್ ಕಸಿಯಾದ ಮಗುವಿಗೆ ಮತ್ತೆ ಮತ್ತೆ ಸ್ಕ್ಯಾನಿಂಗ್ ಏಕೆ?’ ತಿದ್ದಿದ ಕರಡನ್ನು ಇಂದು ರಾತ್ರಿ ಕಳುಹಿಸಿದರೆ ಓದಿ ಬೆಳಗಿನೊಳಗೆ ಮರಳಿಸುತ್ತೇನೆ.